ಹೆಸರು ಬರೆಸಿದ ದಾನ

ದಾನವು ಧರ್ಮವೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಆದರೆ ದಾನಮಾಡಿದವರು ತಮ್ಮ ಹೆಸರನ್ನು ಬರೆಸಬಹುದೆ, ಬರೆಸಿದರೆ ದಾನದ ಫಲಕ್ಕೆ ಲೋಪವುಂಟೆ ಎಂಬ ವಿಷಯದಲ್ಲಿ ಮಾತ್ರ ಹಿಂದಿನಿಂದಲೂ ಎರಡು ಪಕ್ಷಗಳಿವೆ. ಬಲಗೈ ಕೊಟ್ಟದ್ದನ್ನು ಎಡಗೈ ಅರಿಯಬಾರದೆಂದು ಲೋಕದ ಗಾದೆ ಹೇಳುತ್ತದೆ. ಪ್ರತ್ಯುಪಕಾರವನ್ನು ಬಯಸಿ ಕೊಟ್ಟುದು ರಾಜಸವೆಂದು ಭಗವದ್ಗೀತೆ ವಿಧಿಸುತ್ತದೆ. ಕೀರ್ತಿಯೂ ಒಂದು ಪ್ರತ್ಯುಪಕಾರವೇ ಅಲ್ಲವೆ? ದೇವಾಲಯದ ವಿದ್ಯುದ್ದೀಪದ ಗಾಜಿನ ಮೇಲೆ ದಪ್ಪಕ್ಷರಗಳಲ್ಲಿ ಹೆಸರನ್ನು ಬರೆಸಿ, ಬೆಳಕು ಕಡಮೆಯಾದರೂ ಚಿಂತೆಯಿಲ್ಲ, ಹೆಸರು ಕಂಡರೆ ಸಾಕೆಂಬ ದಾತೃಗಳನ್ನು ಇಂದಿಗೂ ಊರೂರಿನಲ್ಲಿ ಕಾಣಬಹುದು. ಇಂತಹವರನ್ನು ನೋಡಿದ ವಿವೇಕಿಗಳು ಹೆಸರಿಲ್ಲದ ದಾನವೇ ಉತ್ತಮವೆಂದು ನಿರ್ಣಯಿಸುವುದು ಸಹಜವಾಗಿದೆ.

ಇದು ಪೂರ್ವಪಕ್ಷ. ಇದನ್ನು ಅಂಗೀಕರಿಸಿದರೆ ಕನ್ನಡನಾಡಿನ ಮತ್ತು ತಮಿಳುನಾಡಿನ ಸಾವಿರಾರು ದಾನಶಾಸನಗಳನ್ನು ಅಹಂಕಾರದ ಸ್ಮಾರಕಗಳೆಂದು ಹೇಳಬೇಕಾಗುವುದು. ಅವುಗಳಲ್ಲಿಯೂ ಬಸದಿಗಳಿಗೆ ದತ್ತಿಯನ್ನು ಬಿಟ್ಟ ಸ್ತ್ರೀಯರ ಶಾಸನಗಳನ್ನು ಮುಂದಿಟ್ಟುಕೊಂಡು ವಿಚಾರಿಸಿದರೆ, ಪ್ರಶ್ನೆಯು ಮೇಲೆ ತೋರುವಷ್ಟು ಸುಲಭವಲ್ಲವೆಂಬುದು ಗೊತ್ತಾಗುತ್ತದೆ.

ವಿಚಾರಕ್ಕೆ ದೂರದ ದೇಶಕ್ಕೆ ಹೋಗಬೇಕಾದುದಿಲ್ಲ. ಹಿಂದೆ ಎಡತೊರೆಯೆಂದು ಹೆಸರಾಗಿದ್ದ ಕೃಷ್ಣರಾಜನಗರದ ಸೀಮೆಯಲ್ಲಿ, ಸಾಲಿಗ್ರಾಮದ ಬಳಿ, ಚಿಕ್ಕಹನಸೋಗೆಯೆಂಬ ಗ್ರಾಮವಿದೆ. ಶಾಸನಗಳ ಪನಸೋಗೆ ಇದೇ. ಇಂದು ಅಲ್ಲಿ ಆದಿನಾಥನ ತ್ರಿಕೂಟ ಬಸದಿಯು ನಿಂತಿದೆ. ಒಂದು ಕಾಲದಲ್ಲಿ ಅಲ್ಲಿ ಅರವತ್ತುನಾಲ್ಕು ಬಸದಿಗಳಿದ್ದುವೆಂದೂ ದಾಶರಥಿಯಾದ ರಾಮನೇ ಅವನ್ನು ಸ್ಥಾಪಿಸಿದನೆಂದೂ ಪ್ರತೀತಿಯಿತ್ತು. ಮೂಲಸಂಘದ ದೇಶಿಗಣ ಪುಸ್ತಕಗಚ್ಛದ ಒಂದು ಗುರುಪರಂಪರೆಯು ಈ ಊರಿನ ಹೆಸರಿನಿಂದಲೇ ಹನಸೋಗೆಯ ಬಳಿಯೆಂದು ಪ್ರಸಿದ್ಧವಾಯಿತು. ಪಿರಿಯಾಪಟ್ಟಣ ಹುಣಸೂರುಗಳ ಸೀಮೆಯನ್ನು ಆಳಿದ ಚಂಗಾಳ್ವರು ಮುಂದೆ ಶೈವರಾದರೂ ಮೊದಲಿನಲ್ಲಿ ಈ ಬಸದಿಗಳಿಗೆ ಆಶ್ರಯದಾತರಾಗಿದ್ದರು. 1004ರಲ್ಲಿ ರಾಜರಾಜಚೋಳನ ಸೈನ್ಯವು ಚಂಗಾಳ್ವರನ್ನು ಇದೇ ಪನಸೋಗೆಯ ಯುದ್ಧದಲ್ಲಿ ಸೋಲಿಸಿತು. ಅಲ್ಲಿ ಪರಾಕ್ರಮವನ್ನು ತೋರಿದ ಮನಿಜನಿಗೆ ಕ್ಷತ್ರಿಯಶಿಖಾಮಣಿ ಕೊಂಗಾಳ್ವನೆಂಬ ಬಿರುದೂ ಕೊಡಗಿನ ಮಾಳವ್ವಿಯೂ ದೊರೆತುವು. ಹೀಗೆ ಹುಟ್ಟಿದ ಕೊಂಗಾಳ್ವ ವಂಶದಲ್ಲಿ ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಯು, ಪಿರಿಯಾಪಟ್ಟಣದಿಂದ ಬಹಳ ದೂರವಲ್ಲದ ಮುಳ್ಳೂರಿನಲ್ಲಿ ತನ್ನ ಗುರುಗಳಾದ ಗುಣಸೇನ ಪಂಡಿತರ ಪ್ರತಿಮೆಯನ್ನು ಮಾಡಿಸಿ 1058ರಲ್ಲಿ ದತ್ತಿಯನ್ನು ಬಿಟ್ಟಳು.

ಆ ಕಾಲದಲ್ಲಿ ಕಾವೇರಿಯ ಈ ಸೀಮೆಗೂ ತಮಿಳುನಾಡಿಗೂ ಒಬ್ಬನೇ ಚಕ್ರವರ್ತಿ. ಆದುದರಿಂದ ಚೋಳರ ನಾಡಿನ ಒಂದು ಶಾಸನವನ್ನು ಇಲ್ಲಿಯದರ ಜೊತೆಯಲ್ಲಿಟ್ಟು ನೋಡುವುದು ಅಪ್ರಸಕ್ತವಾಗದು. ಈಗಿನ ತಿರುವಣ್ಣಾಮಲೈ ಜಿಲ್ಲೆಗೆ ಸೇರಿದ ತಿರುಮಲೈ ಎಂಬ ಬೆಟ್ಟದ ಬುಡದಲ್ಲಿ ಕುಂದವೈ ಜಿನಾಲಯವಿದೆ. ರಾಜರಾಜನ ಅಕ್ಕ ಕುಂದವೈಯ ಹೆಸರು ಅದಕ್ಕೆ ಬಂದಿತು. ಆಕೆ ಹುಟ್ಟಿದುದು ಶಿವಭಕ್ತರ ಮನೆಯಲ್ಲಿ. ದಾದಾಪುರದಲ್ಲಿ ಶಿವನಿಗೂ ವಿಷ್ಣುವಿಗೂ ಜಿನನಿಗೂ ಮೂರು ಆಲಯಗಳನ್ನು ಕಟ್ಟಿಸಿದಳು. ತಿರುಮಲೈಯ ಬಂಡೆಯ ಮೇಲೆ ರಾಜೇಂದ್ರಚೋಳನ ಕಾಲದ, ಸುಮಾರು 1024ರ, ಒಂದು ತಮಿಳು ಶಾಸನವಿದೆ. ಅದರ ಬಹುಭಾಗವು ಚಕ್ರವರ್ತಿಯ ದಿಗ್ವಿಜಯದ ವರ್ಣನೆ. ಗೆದ್ದ ನಾಡುಗಳ ಪಟ್ಟಿಯು ಇಡೈತುರೈನಾಡಿನಿಂದ ತೊಡಗಿ ಗಂಗಾತೀರದವರೆಗೆ ಸಾಗುವುದು. ಈ ಇಡೈತುರೈಯೇ ಎಡತೊರೆಯೆಂದು ಕೆಲವರು ಹಿಂದೆ ಊಹಿಸಿದ್ದುಂಟು. ಅದು ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡೆಂಬುದು ಈಗ ಒಪ್ಪಿತವಾದ ಮತ. ಇತಿಹಾಸಜ್ಞರೆಲ್ಲರೂ ಈ ಶಾಸನವನ್ನು ದಿಗ್ವಿಜಯಕ್ಕಾಗಿ ಓದುತ್ತಾರೆ. ಆದರೆ ಶಾಸನವನ್ನು ಕೆತ್ತಿಸಿದುದು ದಿಗ್ವಿಜಯಕ್ಕಾಗಿ ಅಲ್ಲ. ನನ್ನಪ್ಪಯನೆಂಬ ವರ್ತಕನ ಹೆಂಡತಿಯಾದ ಚಾಮುಂಡಪ್ಪೈ ಎಂಬವಳು ಕುಂದವೈ ಜಿನಾಲಯದ ನಂದಾದೀಪಕ್ಕೂ ನೈವೇದ್ಯಕ್ಕೂ ಕೆಲವು ಕಾಸುಗಳನ್ನು ಕೊಟ್ಟಳೆಂಬುದೇ ಅದರ ಪ್ರಯೋಜನ. ಅದು ಕೊನೆಯ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಈ ಹೆಂಗಸು ದೀಪವನ್ನು ಇಡಿಸದೆ ಇದ್ದಿದ್ದರೆ ಆ ಬಂಡೆಯ ಮೇಲೆ ಚಕ್ರವರ್ತಿಯ ಗಂಗಾವಿಜಯವೂ ಇರುತ್ತಿರಲಿಲ್ಲ.

ಇಲ್ಲಿ ಪೂರ್ವಪಕ್ಷಿಯು ಕೇಳುವನು: ಚಾಮುಂಡಪ್ಪೈ ದೀಪವನ್ನು ಮಾತ್ರ ಇಡಿಸಿ ಹೆಸರನ್ನು ಬಿಟ್ಟಿದ್ದರೆ ದೀಪವು ಉರಿಯುತ್ತಿರಲಿಲ್ಲವೆ?

ಇದಕ್ಕೆ ಉತ್ತರವನ್ನು ಹೇಳಬೇಕಾದರೆ ದಾನವೆಂದರೇನು ಎಂಬುದನ್ನು ಮೊದಲು ನಿಶ್ಚಯಿಸಬೇಕು. ತನ್ನ ಸ್ವತ್ವವನ್ನು ನಿವೃತ್ತಿಗೊಳಿಸಿ ಪರನ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ವೈದಿಕ ಶಾಸ್ತ್ರಕಾರರ ಲಕ್ಷಣ. ಅನುಗ್ರಹಕ್ಕಾಗಿ ತನ್ನದನ್ನು ಬಿಡುವುದು ದಾನವೆಂದು ಜೈನರ ತತ್ತ್ವಾರ್ಥಸೂತ್ರದ ಅಭಿಪ್ರಾಯ. ಮತಗಳು ಬೇರೆಯಾದರೂ ‘ತನ್ನದು’ ಎಂಬ ಮಾತು ಎರಡರಲ್ಲಿಯೂ ತಪ್ಪದೆ ಬರುತ್ತದೆ. ತನ್ನದಲ್ಲದುದನ್ನು ಕೊಟ್ಟರೆ ಅದು ದಾನವಾಗದು. ಕಳವೋ ವಂಚನೆಯೋ ಆದೀತು. ದಾನಕ್ಕೆ ಭಕ್ತಿಗಿಂತ ಮೊದಲು ಸ್ವಾಮ್ಯವು ಬೇಕು.

ಹೆಂಗಸಿಗೆ ಸ್ವಾಮ್ಯವುಂಟೆ? ಹೆಂಡತಿ, ಮಗ, ದಾಸ ಈ ಮೂವರೂ ಧನವಿಲ್ಲದವರು, ಅವರು ಗಳಿಸಿದುದು ಅವರನ್ನು ಪಡೆದವನದು ಎಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ಹೇಳುತ್ತದೆ. ಅದೇ ಸ್ಮೃತಿಯ ಒಂಬತ್ತನೆಯ ಅಧ್ಯಾಯವು ಮದುವೆಯ ಅಗ್ನಿಯ ಮುಂದೆ ಕೊಟ್ಟುದು, ಪತಿಗೃಹಕ್ಕೆ ಹೊರಡುವಾಗ ಕೊಟ್ಟುದು, ಪ್ರೀತಿಯಿಂದ ಕೊಟ್ಟುದು, ತಂದೆ ತಾಯಿ ಅಣ್ಣತಮ್ಮಂದಿರಿಂದ ಬಂದುದು ಎಂದು ಆರು ವಿಧದ ಸ್ತ್ರೀಧನವನ್ನು ಎಣಿಸುತ್ತದೆ. ಈ ಚರ್ಚೆಯು ಮನುವಿನಲ್ಲಿ ಮುಗಿಯಲಿಲ್ಲ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, ಯಜ್ಞದಲ್ಲಿ ಸ್ತ್ರೀಗೆ ಅಧಿಕಾರವುಂಟೆ ಎಂಬ ಪ್ರಶ್ನೆಯನ್ನು ಜೈಮಿನಿಯು ಎತ್ತಿಕೊಂಡಿದ್ದಾನೆ. ಯಜ್ಞವು ದ್ರವ್ಯತ್ಯಾಗ, ಸ್ತ್ರೀಯನ್ನು ಶುಲ್ಕ ಕೊಟ್ಟು ಕೊಂಡು ತರುವುದರಿಂದ ಆಕೆಯೇ ಒಂದು ದ್ರವ್ಯ, ದ್ರವ್ಯಕ್ಕೆ ದ್ರವ್ಯವಿರುವುದು ಹೇಗೆ ಎಂದು ಪೂರ್ವಪಕ್ಷ. ವಿವಾಹದಲ್ಲಿ ಕೊಡುವುದು ಬೆಲೆಯಲ್ಲ, ಧರ್ಮಾಚಾರ. ಫಲದ ಇಚ್ಛೆಯು ಪುರುಷನಿಗೆ ಇರುವಂತೆ ಸ್ತ್ರೀಗೂ ಇದೆ. ಮನೆಯ ಪದಾರ್ಥಗಳಿಗೆ ಪತ್ನಿಯೇ ಒಡತಿಯೆಂದು ವೇದವೇ ಹೇಳುವುದರಿಂದ ಆಕೆಗೆ ಸ್ವಾಮ್ಯವೂ ಇದೆ ಎಂದು ಸಿದ್ಧಾಂತ. ಆದರೆ ದಂಪತಿಗಳು ಕೂಡಿಯೇ ಯಜಿಸಬೇಕೆಂಬ ಕಟ್ಟನ್ನು ಸಿದ್ಧಾಂತಿಯು ಬಿಡಲಿಲ್ಲ. ಸ್ವಾಮ್ಯವನ್ನು ಒಪ್ಪಿದರು, ಸ್ವಾತಂತ್ರ್ಯವನ್ನು ಹಿಂದಕ್ಕೆ ಹಿಡಿದರು.

ಈ ವಿಷಯದಲ್ಲಿ ಮತ್ತೊಂದು ಹೆಜ್ಜೆಯನ್ನು ಇಟ್ಟವನು ಕನ್ನಡನಾಡಿನಲ್ಲಿಯೇ ಇದ್ದನು. ಕಲ್ಯಾಣದಲ್ಲಿ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಸ್ತ್ರೀಧನವೆಂಬುದು ಕೆಲವೇ ವಸ್ತುಗಳಿಗೆ ಇಟ್ಟ ಪಾರಿಭಾಷಿಕ ಸಂಜ್ಞೆಯಲ್ಲ. ಸ್ತ್ರೀಯ ಧನವೆಲ್ಲವೂ ಸ್ತ್ರೀಧನವೇ. ದಾಯದಿಂದ ಬಂದುದೂ ಕ್ರಯಕ್ಕೆ ಕೊಂಡುದೂ ವಿಭಾಗದಲ್ಲಿ ದೊರೆತುದೂ ಅದರಲ್ಲಿಯೇ ಸೇರಿದುವು ಎಂದು ಅವನ ಮತ. ಈ ಮಾತನ್ನು ಅವನು ಶಬ್ದಾರ್ಥದ ಬಲದಿಂದ ಸಾಧಿಸಿದ್ದಾನೆ. ಆದರೆ ಅವನ ಸುತ್ತಲಿನ ನಾಡಿನಲ್ಲಿ ಹೆಂಗಸರು ಅದನ್ನು ಆಗಲೇ ಆಚರಿಸುತ್ತಿದ್ದರೆಂಬುದನ್ನು ಮರೆಯಲಾಗದು. ಅವನಿಗಿಂತ ಮುಂಚೆ, 1007ರ ಲಕ್ಕುಂಡಿಯ ಶಾಸನದಲ್ಲಿ ಅತ್ತಿಮಬ್ಬೆಯ ದಾನಗಳು ವರ್ಣಿತವಾಗಿವೆ. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿದಳೆಂದು ಪ್ರಸಿದ್ಧಿ. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಹೇಳಿಸಿದಳು. ಸ್ವಾಮ್ಯವಿಲ್ಲದವಳಿಗೆ ಇದು ಸಾಧ್ಯವಾಗುತ್ತಿತ್ತೆ?

ಆದುದರಿಂದ ಶಾಸನದಲ್ಲಿ ಸ್ತ್ರೀಯ ಹೆಸರು ಬಂದಾಗ ಅದು ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ: ಈಕೆ ಕೊಟ್ಟಳು, ಕೊಡುವ ಮೊದಲು ಇದು ಈಕೆಯದಾಗಿತ್ತು. ಮೊದಲನೆಯದು ಭಕ್ತಿಯ ಮಾತು; ಎರಡನೆಯದು ನ್ಯಾಯದ ಮಾತು. ಗುಪ್ತದಾನದಲ್ಲಿ ಮೊದಲನೆಯದು ಉಳಿಯಬಹುದು, ಎರಡನೆಯದು ಉಳಿಯದು. ರಾಜನೋ ಶ್ರೇಷ್ಠಿಯೋ ಹೆಸರನ್ನು ಮುಚ್ಚಿಟ್ಟರೆ ಅದು ವಿನಯವೆನಿಸುವುದು; ಅವನಿಗೆ ಸ್ವಾಮ್ಯವಿತ್ತೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲದ ಕಾರಣ ಅವನು ಹೆಸರನ್ನು ಬಿಡಬಲ್ಲನು. ಯಾರ ಸ್ವಾಮ್ಯವನ್ನು ಲೋಕವು ಸಂದೇಹಿಸುವುದೋ ಅಂತಹವರು ಹೆಸರನ್ನು ಬಿಟ್ಟರೆ, ಆ ದಾನವು ಮರುದಿನವೇ ಗಂಡನದೋ ಮಗನದೋ ಎಂದು ಎಣಿಸಲ್ಪಡುವುದು. ವಿನಯವು ಎಲ್ಲರಿಗೂ ಒಂದೇ ಬೆಲೆಗೆ ದೊರೆಯುವುದಿಲ್ಲ.

ಇದನ್ನು ಹೇಳುವಾಗ ಆ ಕಾಲವನ್ನು ಸತ್ಯಯುಗವೆಂದು ಹೊಗಳುವುದೂ ಸಲ್ಲದು. 776ರ ದೇವರಹಳ್ಳಿಯ ತಾಮ್ರಪಟಗಳಲ್ಲಿ, ಪರಮಗೂಳನ ಪತ್ನಿ ಕುಂದಾಚ್ಚಿಯು ಶ್ರೀಪುರದಲ್ಲಿ ಲೋಕತಿಲಕವೆಂಬ ಜಿನಾಲಯವನ್ನು ಮಾಡಿಸಿದಳೆಂದಿದೆ. ಅದಕ್ಕೆ ಗ್ರಾಮವನ್ನು ಕೊಟ್ಟವನು ಗಂಗರ ಶ್ರೀಪುರುಷ, ಕೊಡಬೇಕೆಂದು ಬಿನ್ನವಿಸಿದವನು ಆಕೆಯ ಗಂಡ. ನಾನೂರು ವರ್ಷಗಳ ತರುವಾಯ, 1181ರಲ್ಲಿ, ಶ್ರವಣಬೆಳಗೊಳದಲ್ಲಿ ಆಚಿಯಕ್ಕನು ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದಾಗಲೂ ಕ್ರಮವು ಅದೇ: ಆಕೆಯ ಗಂಡನಾದ ಮಂತ್ರಿ ಚಂದ್ರಮೌಳಿಯು ಬೇಡಲು, ಇಮ್ಮಡಿ ಬಲ್ಲಾಳನು ಬೊಮ್ಮೆಯನಹಳ್ಳಿಯನ್ನು ಕೊಟ್ಟನು. ಕಟ್ಟಡವು ಹೆಂಗಸಿನದು, ಭೂಮಿಯು ಅರಸನಿಂದ ಬರಬೇಕು, ಅದನ್ನು ಕೇಳುವ ಬಾಯಿ ಗಂಡನದು. ಆದರೆ ಈ ಚಂದ್ರಮೌಳಿಯು ಶೈವಬ್ರಾಹ್ಮಣನೆಂಬುದನ್ನು ನೆನೆಯಬೇಕು. ತನ್ನ ಮತದ್ದಲ್ಲದ ದೇವರಿಗಾಗಿ ಹೆಂಡತಿಯ ಪರವಾಗಿ ಅರಸನಲ್ಲಿ ಕೈಯೊಡ್ಡಿದ ಅವನ ಔದಾರ್ಯವೂ ಒಂದು ದಾನವೇ. ಜನರ ನಾಲಗೆಯು ಆ ಆಲಯಕ್ಕೆ ಅರಸನ ಹೆಸರನ್ನೂ ಕೊಡಲಿಲ್ಲ, ಮಂತ್ರಿಯ ಹೆಸರನ್ನೂ ಕೊಡಲಿಲ್ಲ. ಇಂದಿಗೂ ಅದು ಅಕ್ಕನ ಬಸದಿ.

ಹೆಗ್ಗಡದೇವನಕೋಟೆಯ ಸೀಮೆಯಲ್ಲಿರುವ ಒಂದು ಶಾಸನವು ಈ ಪ್ರಶ್ನೆಗೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಅದು ಬೆಳತೂರಿನದು, 1057ನೆಯ ವರ್ಷದ್ದು. ನುಗುನಾಡಿನ ಪ್ರಭು ರವಿಗನ ಮಗಳು ದೇಕಬ್ಬೆ. ಆಕೆಯ ಗಂಡ ಏಚನು ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದುದಕ್ಕಾಗಿ ಚೋಳನ ಆಜ್ಞೆಯಿಂದ ತಲಕಾಡಿನಲ್ಲಿ ಹತನಾದನು. ಸುದ್ದಿಯನ್ನು ಕೇಳಿದ ದೇಕಬ್ಬೆಯು ತಂದೆತಾಯಿಗಳು ಎಷ್ಟು ತಡೆದರೂ ನಿಲ್ಲದೆ ಬೆಂಕಿಯನ್ನು ಹೊಕ್ಕಳು. ಕನ್ನಡ ಶಾಸನಗಳಲ್ಲಿ ಇಷ್ಟು ಕರುಣಾರಸವುಳ್ಳವು ಕೆಲವೇ. ಮುಳ್ಳೂರಿನ ಪೋಚಬ್ಬರಸಿಯ ದತ್ತಿಗೂ ಬೆಳತೂರಿನ ದೇಕಬ್ಬೆಯ ಮರಣಕ್ಕೂ ಒಂದೇ ವರ್ಷದ ಅಂತರ. ಒಂದೇ ಕಾಲದಲ್ಲಿ, ನೆರೆಹೊರೆಯ ನಾಡುಗಳಲ್ಲಿ, ಇಬ್ಬರು ಹೆಂಗಸರ ಹೆಸರು ಕಲ್ಲನ್ನು ಸೇರಿತು. ಒಬ್ಬಳದು ಕೊಟ್ಟುದರಿಂದ, ಮತ್ತೊಬ್ಬಳದು ಸತ್ತುದರಿಂದ.

ಈ ಎರಡು ದಾರಿಗಳೂ ಒಂದೇ ಮನೆಯಲ್ಲಿ ಕಂಡುದುಂಟು. ಅತ್ತಿಮಬ್ಬೆಯ ಗಂಡ ನಾಗದೇವನು ಸತ್ತಾಗ, ಅವನಿಗೇ ಮದುವೆಯಾಗಿದ್ದ ಆಕೆಯ ತಂಗಿ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಉಳಿದಳು, ಮಗನನ್ನು ಬೆಳೆಸಿದಳು, ದಾನಚಿಂತಾಮಣಿಯೆನಿಸಿದಳು. ಅಗ್ನಿಪ್ರವೇಶ ಮಾಡಿದವರ ಧೈರ್ಯವನ್ನು ಲಘುವಾಗಿ ಎಣಿಸುವುದು ನ್ಯಾಯವಲ್ಲ. ಆದರೆ ಒಂದು ಸಮಾಜವು ಹೆಂಗಸಿನ ಹೆಸರನ್ನು ಯಾವಾಗ ಸುಲಭವಾಗಿ ಬರೆಯುವುದು ಎಂಬುದು ಆ ಸಮಾಜದ ಮನಸ್ಸನ್ನು ತಿಳಿಸುತ್ತದೆ. ಸತ್ತವಳ ಹೆಸರನ್ನು ಬರೆಯುವುದರಿಂದ ಯಾರಿಗೂ ನಷ್ಟವಿಲ್ಲ. ಕೊಟ್ಟವಳ ಹೆಸರನ್ನು ಬರೆದರೆ, ಆಕೆ ಇದ್ದಳು, ಆಕೆಗೆ ಇತ್ತು, ಆಕೆ ತನ್ನ ಇಷ್ಟದಂತೆ ಬಿಟ್ಟಳು ಎಂಬ ಮೂರನ್ನೂ ಒಪ್ಪಬೇಕಾಗುತ್ತದೆ. ಈ ಒಪ್ಪಿಗೆಗೆ ಕಲ್ಲೇ ಸಾಕ್ಷಿ.

ಈಗ ಪೂರ್ವಪಕ್ಷಿಯ ಪ್ರಶ್ನೆಗೆ ಮರಳಬಹುದು. ಹೆಸರಿಲ್ಲದೆ ದೀಪವು ಉರಿಯುತ್ತಿರಲಿಲ್ಲವೆ? ನಂದಾದೀಪದ ವ್ಯವಸ್ಥೆಯನ್ನು ನೋಡಿದರೆ ಉತ್ತರವು ದೊರೆಯುತ್ತದೆ. ಚೋಳರ ನಾಡಿನಲ್ಲಿ ಒಂದು ನಂದಾದೀಪಕ್ಕೆ ಸಾಮಾನ್ಯವಾಗಿ ತೊಂಬತ್ತಾರು ಕುರಿಗಳನ್ನು ಬಿಡುತ್ತಿದ್ದರು. ಅವು ಸಾಯದ, ಮುಪ್ಪಾಗದ ಕುರಿಗಳೆಂದು ಶಾಸನಗಳ ಪರಿಭಾಷೆ. ಎಂದರೆ ಹಳೆಯವು ಸತ್ತಂತೆ ಮರಿಗಳಿಂದ ಎಣಿಕೆಯನ್ನು ತುಂಬಿ, ಕುರುಬನು ಪ್ರತಿದಿನವೂ ಗೊತ್ತಾದಷ್ಟು ತುಪ್ಪವನ್ನು ತಲೆಮಾರುಗಳವರೆಗೆ ಅಳೆಯಬೇಕು. ಹಣವನ್ನು ಕೊಟ್ಟರೆ ಅಸಲು ಕರಗದಂತೆ ಇಟ್ಟು ಬಡ್ಡಿಯಿಂದ ನಡೆಸಬೇಕು. ಕನ್ನಡನಾಡಿನಲ್ಲಿ ಭೂಮಿಯನ್ನು ಗುರುಗಳ ಪಾದವನ್ನು ತೊಳೆದು ಧಾರಾಪೂರ್ವಕವಾಗಿ ಕೊಟ್ಟು, ಎಲ್ಲೆಗಳನ್ನು ಹೇಳಿ, ಬಸದಿಯ ಭೂಮಿಯೆಂದು ತಿಳಿಯುವಂತೆ ಮುಕ್ಕೊಡೆಯ ಕಲ್ಲುಗಳನ್ನು ನೆಡುತ್ತಿದ್ದರು. 1123ರಲ್ಲಿ ಶಾಂತಲದೇವಿಯು ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಮಾಡಿಸಿ ಮೊಟ್ಟೆನವಿಲೆಯನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಕೊಟ್ಟುದು ಈ ಕ್ರಮದಲ್ಲಿಯೇ. ಇಂತಹ ಏರ್ಪಾಡು ದಾತೃವಿನ ಆಯುಸ್ಸನ್ನು ಮೀರಿ ನಡೆಯಬೇಕಾದುದು. ದಾತೃವಿನ ಮೊಮ್ಮಗನು ಬಂದು ಈ ಹೊಲವು ನಮ್ಮಜ್ಜನದು, ಅಜ್ಜಿಗೆ ಕೊಡುವ ಅಧಿಕಾರವೆಲ್ಲಿತ್ತು ಎಂದು ಕೇಳಿದರೆ, ಬಸದಿಯ ಪರವಾಗಿ ಉತ್ತರ ಕೊಡುವವರು ಯಾರು? ಕಲ್ಲಿನ ಮೇಲಣ ಹೆಸರು ಕೊಡುತ್ತದೆ.

ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳನ್ನು ವಾಚಕರು ಬಲ್ಲರು. ತಾನು ಕೊಟ್ಟುದನ್ನಾಗಲಿ ಇತರರು ಕೊಟ್ಟುದನ್ನಾಗಲಿ ಅಪಹರಿಸಿದವನಿಗೆ ಅರವತ್ತು ಸಾವಿರ ವರ್ಷ ಕ್ರಿಮಿಜನ್ಮವೆಂದು ಅವು ಹೆದರಿಸುತ್ತವೆ. ಅವುಗಳ ಜೊತೆಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಮತ್ತೊಂದು ಅಭಿಪ್ರಾಯವೂ ಬರುವುದುಂಟು: ದಾನಮಾಡುವುದು, ದಾನವನ್ನು ಪಾಲಿಸುವುದು, ಈ ಎರಡರಲ್ಲಿ ಪಾಲಿಸುವುದೇ ಶ್ರೇಯಸ್ಕರವೆಂದು. ದಾನವನ್ನು ಬರೆಸುವ ಕಲ್ಲಿನ ಮೇಲೆಯೇ ದಾತೃವಿಗಿಂತ ಪಾಲಕನು ದೊಡ್ಡವನೆಂದು ಬರೆದಿರುವಾಗ, ಆ ಕಲ್ಲನ್ನು ಆತ್ಮಸ್ತುತಿಯೆಂದು ಹೇಗೆ ಹೇಳಬಹುದು? ಅಲ್ಲಿಯ ಹೆಸರು ಹಿಂದಕ್ಕೆ ತಿರುಗಿ ದಾತೃವನ್ನು ಹೊಗಳುವುದಕ್ಕಿಂತ ಮುಂದಕ್ಕೆ ತಿರುಗಿ ಓದುವವನನ್ನು ಕಟ್ಟಿಹಾಕುತ್ತದೆ. ದೀಪದ ಗಾಜಿನ ಮೇಲಣ ಹೆಸರಿಗೂ ಇದಕ್ಕೂ ಇರುವ ಭೇದವು ಇದೇ. ಅದು ನೋಡಿದವರ ಮೆಚ್ಚುಗೆಯನ್ನು ಕೇಳುತ್ತದೆ. ಇದು ಕಾಪಾಡುವವರ ಕರ್ತವ್ಯವನ್ನು ಕೇಳುತ್ತದೆ.

ಇಷ್ಟಾದರೂ ಒಂದು ಆಕ್ಷೇಪವು ಉಳಿಯುತ್ತದೆ. ಶಾಸನದಲ್ಲಿ ಹೆಸರು ಬಂದವರು ರಾಣಿಯರು, ಪ್ರಭುಗಳ ಪತ್ನಿಯರು, ಹೆಚ್ಚೆಂದರೆ ವರ್ತಕರ ಮನೆಯವರು. ಬಸದಿಗೆ ಕಲ್ಲು ಹೊತ್ತವಳ, ದೀಪದ ತುಪ್ಪಕ್ಕೆ ಮೊಸರು ಕಡೆದವಳ ಹೆಸರು ಎಲ್ಲಿಯೂ ಇಲ್ಲ. ಈ ಆಕ್ಷೇಪಕ್ಕೆ ಸಮಾಧಾನವಿಲ್ಲ, ಇದು ನಿಜ. ಹೆಸರಿಲ್ಲದ ದಾನವು ಉತ್ತಮವೆಂದು ಹೇಳುವವರು ಹೆಸರನ್ನು ಬಿಟ್ಟವರನ್ನೂ ಹೆಸರು ದೊರೆಯದವರನ್ನೂ ಒಂದೇ ಎಂದು ಭಾವಿಸಬಾರದು. ಬಿಡುವುದಕ್ಕೆ ಮೊದಲು ಇರಬೇಕು ಎಂಬ ನಿಯಮವು ಹೊಲಕ್ಕೆ ಹೇಗೋ ಹೆಸರಿಗೂ ಹಾಗೆಯೇ.

ಈ ವಿಚಾರವು ಹಳೆಯ ಕಲ್ಲುಗಳಲ್ಲಿಯೇ ಮುಗಿದುದಲ್ಲ. ಬ್ರಿಟಿಷರ ಕಾಲದಲ್ಲಿ ಪ್ರಿವಿ ಕೌನ್ಸಿಲು ವಿಜ್ಞಾನೇಶ್ವರನ ವಿಶಾಲವಾದ ಅರ್ಥವನ್ನು ಅಂಗೀಕರಿಸದೆ, ದಾಯದಿಂದ ಬಂದ ಆಸ್ತಿಯಲ್ಲಿ ಸ್ತ್ರೀಗೆ ಪರಿಮಿತವಾದ ಹಕ್ಕನ್ನು ಮಾತ್ರ ಉಳಿಸಿತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ಆ ಬಾಗಿಲನ್ನು ಸ್ವಲ್ಪ ತೆರೆಯಿತು. 1956ರ ಉತ್ತರಾಧಿಕಾರ ಕಾಯಿದೆಯು ಸ್ತ್ರೀಯ ಆಸ್ತಿಗೆ ಆಕೆಯನ್ನೇ ಪೂರ್ಣ ಒಡತಿಯನ್ನಾಗಿ ಮಾಡಿತು. 2005ರ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಜನ್ಮಸಿದ್ಧವಾದ ಹಕ್ಕನ್ನು ಕೊಟ್ಟಿತು. ಮಿತಾಕ್ಷರೆಯ ಮಾತು ನಿಜವಾಗುವುದಕ್ಕೆ ಒಂಬೈನೂರು ವರ್ಷಗಳು ಬೇಕಾದುವು.

ಆದರೂ ಗೃಹಸ್ಥರ ಮನೆಗಳಲ್ಲಿ ಇಂದಿಗೂ ನಡೆಯುವ ಒಂದು ಕಾರ್ಯವನ್ನು ಈ ತಕ್ಕಡಿಯಲ್ಲಿ ಇಟ್ಟು ತೂಗಬೇಕು. ತಂದೆಯು ಕಾಲವಾದ ಮೇಲೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಿಸಿ, ಊಟ ಉಪಚಾರಗಳನ್ನು ಮಾಡಿ, ಅರಿಸಿನ ಕುಂಕುಮಗಳ ಜೊತೆಯಲ್ಲಿ ಹಕ್ಕುಬಿಡುಗಡೆಯ ಪತ್ರವನ್ನೂ ಮುಂದಿಡುತ್ತಾರೆ. ಅಣ್ಣತಮ್ಮಂದಿರ ಮೇಲಣ ಪ್ರೀತಿಯಿಂದ ಬಿಟ್ಟಿದ್ದೇನೆಂದು ಅದರಲ್ಲಿ ಮೊದಲೇ ಬರೆದಿರುತ್ತದೆ. ಪ್ರೀತಿಯಿಂದಲೇ ಬಿಟ್ಟವರು ಉಂಟು; ಅವರದು ಮಹಾದಾನ, ಅದನ್ನು ಯಾರೂ ಕೀಳೆನ್ನಲಾರರು. ಆದರೆ ತನಗೆಷ್ಟು ಬರುತ್ತಿತ್ತೆಂಬುದನ್ನು ಹೇಳದೆ, ಬೇಡವೆನ್ನುವ ಅವಕಾಶವನ್ನು ಕೊಡದೆ ಹಾಕಿಸಿದ ರುಜುವು ದಾನವೆ? ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷವೆಂದು ತತ್ತ್ವಾರ್ಥಸೂತ್ರವು ಹೇಳುವುದು. ಇಲ್ಲಿ ದ್ರವ್ಯವಿದೆ, ಪಡೆಯುವವರಿದ್ದಾರೆ, ವಿಧಿಯು ನೋಂದಣಿಯ ಕಚೇರಿಯಲ್ಲಿ ಮುಗಿಯುತ್ತದೆ; ದಾತೃವು ಮಾತ್ರ ಇಲ್ಲ. ಹೆಸರು ಕಾಗದದ ಮೇಲಿದೆ. ಹೆಸರಿನ ಹಿಂದೆ ಇರಬೇಕಾದ ಇಚ್ಛೆಯು ಇಲ್ಲ.

ಹೆಸರು ಬರೆಸಿದ ದಾನವು ಕೀಳೆಂಬ ಮಾತು ಸರಿಯಲ್ಲ. ಹೆಸರು ಬರೆಸಿದುದೆಲ್ಲವೂ ದಾನವೆಂಬ ಮಾತೂ ಸರಿಯಲ್ಲ. ಕೊಟ್ಟವರು ತಮ್ಮದನ್ನು ತಿಳಿದು ಬಿಟ್ಟರೆ, ಪಡೆದವರು ಅದನ್ನು ಕೊಟ್ಟವರ ಹೆಸರಿನಲ್ಲಿಯೇ ಪಾಲಿಸಿದರೆ, ಅಲ್ಲಿ ಧರ್ಮವು ಪೂರ್ಣವಾಗುತ್ತದೆ. ತಂಗಿಯ ಕೈಯಿಂದ ಪತ್ರಕ್ಕೆ ರುಜು ಹಾಕಿಸುವ ಮೊದಲು, ಇಷ್ಟು ನಿನ್ನದು, ಇಟ್ಟುಕೊಳ್ಳುವುದೂ ಬಿಡುವುದೂ ನಿನ್ನ ಇಚ್ಛೆ ಎಂದು ಅಣ್ಣನಾದವನು ಬಾಯಿಬಿಟ್ಟು ಹೇಳಬೇಕು. ಆ ಮಾತನ್ನು ಕೇಳಿದ ತರುವಾಯ ಆಕೆ ಬಿಟ್ಟರೆ ಅದು ದಾನ. ಇಟ್ಟುಕೊಂಡರೆ ಅದು ನ್ಯಾಯ. ಎರಡರಿಂದಲೂ ತವರಿಗೆ ಅಪಕೀರ್ತಿಯಿಲ್ಲ.